ಚೀನಾ ದೇಶದ ಪಂಚಾಯ್ತಿ ಸೆಕ್ರೆಟರಿ

ನಮ್ಮ ಭಾವ ಚೀನಾ ದೇಶದ ಒಂದು ಊರನ್ನು ಎರಡು ವರ್ಷ ಆಳಿದವರು! ನಂಬದಿದ್ದರೆ ಬಿಡಿ, ನನಗೇನೂ ಬೇಜಾರಿಲ್ಲ. ದಿನಾ ಸಂಜೆ ಐದೂವರೆಗೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಎದುರಿನ ಹೋಟೆಲಿನಲ್ಲಿ ಒಂದು ಕಾಫಿ ಕುಡಿದು, ನನ್ನ ಮೆಟ್ಟಿಲು ಹತ್ತಿ ಬಂದು ಆಳುತ್ತಿದ್ದರು. ಏಳು ಗಂಟೆಗೆ ರಾಜ್ಯಭಾರ ಮುಗಿಸಿ, ಅಕ್ಕ ಹೇಳಿ ಕಳಿಸಿದ್ದ ಕೊತ್ತಂಬರಿ ಸೊಪ್ಪು ಕೊಂಡುಕೊಂಡು ಮನೆಗೆ ಹೋಗುತ್ತಿದ್ದರು.

ಭಾವ ಅಂದರೆ ನನ್ನ ಅಕ್ಕನ ಗಂಡ. ಕಟ್ಟಾಯದ ಕಡೆ ಒಂದು ಸಣ್ಣ ಗ್ರಾಮ ಪಂಚಾಯ್ತಿಗೆ ಸೆಕ್ರೆಟರಿ. ಐವತ್ತು ದಾಟಿದ ಮನುಷ್ಯ. ಇನ್ನು ನಾನೋ, ಬಸ್ ಸ್ಟ್ಯಾಂಡಿನ ಪಕ್ಕದ ರಸ್ತೆಯಲ್ಲಿ, ಮಹಡಿಯ ಮೇಲೆ, ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟುಕೊಂಡಿದ್ದವನು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಟೈಪ್ ಮಾಡುವವರೇ ಇಲ್ಲವಾಗಿ, ಇದ್ದ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿ ಐದು ಕಂಪ್ಯೂಟರ್ ತಂದು ಕೂರಿಸಿದೆ. ಬೋರ್ಡಿನಲ್ಲಿ ‘ಟೈಪಿಂಗ್’ ಅಳಿಸಿ ‘ಕಂಪ್ಯೂಟರ್’ ಅಂತ ಬರೆಸಿದೆ. ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಎದುರು ಸಾಲಿನಲ್ಲೇ ದೊಡ್ಡದೊಂದು ಇನ್‌ಸ್ಟಿಟ್ಯೂಟ್ ಬಂತು. ಗಾಜಿನ ಬಾಗಿಲು, ಏಸಿ, ಟೈ ಕಟ್ಟಿದ ಮೇಷ್ಟ್ರುಗಳು! ನನ್ನ ಹುಡುಗರೆಲ್ಲ ಒಬ್ಬೊಬ್ಬರೇ ರಸ್ತೆ ದಾಟತೊಡಗಿದರು. ನಲವತ್ತು ಜನ ಇದ್ದದ್ದು ಹತ್ತಾಯಿತು. ಅಂಗಡಿ ಉಳಿಯುತ್ತದೋ ಇಲ್ಲವೋ ಅನ್ನುವ ಚಿಂತೆ ನನಗೆ ಊಟದ ಹೊತ್ತಿನಲ್ಲೂ ಬಿಡುತ್ತಿರಲಿಲ್ಲ.

ಇಂಥ ಸಮಯದಲ್ಲಿ ಭಾವ ಬಂದರು.

“ಪಂಚಾಯ್ತಿಗೂ ಕಂಪ್ಯೂಟ್ರು ಕೊಡ್ತಾರಂತೆ ಕಣ್ಲಾ. ಬಂದ್ಮೇಲೆ ಪೆದ್ದನಂಗೆ ನೋಡ್ತಾ ನಿಂತ್ಕಳಾಕಾಗ್ತದಾ? ಕಲಿಸ್ಬುಡು.”

ಭಾವನ ಕೈಗೆ ಮೌಸ್ ಕೊಟ್ಟೆ. ಅವರು ಅದನ್ನು ರಬ್ಬರ್ ಸ್ಟ್ಯಾಂಪ್ ಹಿಡಿದ ಹಾಗೆ ಹಿಡಿದು, ಎತ್ತಿ ಎತ್ತಿ ಮೇಜಿಗೆ ಒತ್ತಿದರು. ಇಪ್ಪತ್ತೈದು ವರ್ಷದ ಅಭ್ಯಾಸ, ಏನು ಮಾಡುತ್ತೀರಿ? ಕೈಗೆ ಹಿಡಿತ ಬರಲಿ ಅಂತ, ಯಾರೋ ವಿದ್ಯಾರ್ಥಿ ಬಿಟ್ಟುಹೋಗಿದ್ದ ಒಂದು ಆಟದ ಸಿ.ಡಿ. ಹಾಕಿಕೊಟ್ಟೆ. ಪ್ರಾಚೀನ ಚೀನಾದ ಆಟ. ಚಕ್ರವರ್ತಿ ದುರ್ಬಲನಾಗಿ ದೇಶ ಚೂರುಚೂರಾಗಿದೆ, ಹತ್ತಾರು ರಾಜರು ಕಿತ್ತಾಡುತ್ತಿದ್ದಾರೆ. ನಾವು ಒಬ್ಬ ರಾಜನನ್ನು ಆರಿಸಿಕೊಂಡು, ತಿಂಗಳು ತಿಂಗಳೂ ಅಪ್ಪಣೆ ಕೊಡುತ್ತಾ, ಇಡೀ ಚೀನಾ ಗೆಲ್ಲಬೇಕು.

“ಉತ್ತರದ ಈ ರಾಜನ್ನ ತಗೊಳ್ಳಿ ಭಾವ. ಹನ್ನೊಂದು ಊರಿದೆ, ಲಕ್ಷ ಸೈನ್ಯ ಇದೆ.”

ಭಾವ ಕನ್ನಡಕ ಮೇಲೆ ಸರಿಸಿ ನಕ್ಷೆಯನ್ನೆಲ್ಲ ನೋಡಿದರು. “ಇದ್ರಲ್ಲಿ ತೀರಾ ಪಾಪದೋನು ಯಾವನ್ಲಾ?”

ಮೂಲೆಯಲ್ಲಿ ಒಬ್ಬನಿದ್ದ. ಒಂದೇ ಊರು. ಅದಕ್ಕೂ ಎರಡು ವರ್ಷಕ್ಕೊಮ್ಮೆ ಪ್ರವಾಹ. ಹಿಡಿಯಷ್ಟು ದವಸ, ಕೈಕೆಳಗೆ ಮೂರೇ ಜನ ಅಧಿಕಾರಿಗಳು. ನಾನು ಒಂದು ಸಲ ಕುತೂಹಲಕ್ಕೆ ಅವನನ್ನು ತೆಗೆದುಕೊಂಡು ನಾಲ್ಕನೇ ತಿಂಗಳಿಗೆ ಸೆರೆ ಸಿಕ್ಕಿದ್ದೆ.

“ಇವ್ನೇ ಇರ್ಲಿ,” ಅಂದರು ಭಾವ. “ಲಕ್ಷ ಸೈನ್ಯ ಇರೋನ್ಗೆ ಸೆಕ್ರೆಟ್ರಿ ಯಾಕ್ಲಾ ಬೇಕು?”

ಚೀನೀ ಹೆಸರುಗಳು ಅವರ ನಾಲಿಗೆಗೆ ಹೊರಳಲಿಲ್ಲ. ಹಾಗಾಗಿ ರಾಜನಿಗೆ ‘ಅಧ್ಯಕ್ಷರು’ ಅಂತ ನಾಮಕರಣವಾಯಿತು. ಗಡ್ಡದ ಮುದಿ ಮಂತ್ರಿ ಬಿಲ್ ಕಲೆಕ್ಟರ್ ಆದ. ಒಂದು ಕೆಲಸವೂ ಬಾರದ ಮೂರನೆಯವನು ಜವಾನ ಆದ. ಈಟಿ ಹಿಡಿದು ಕುದುರೆ ಮೇಲೆ ಕೂತಿದ್ದ ಮಹಾಪರಾಕ್ರಮಿ ಸೇನಾಪತಿ ಇದ್ದನಲ್ಲ, ಅವನು ನೀರುಗಂಟಿ! ಮೊದಲ ಆರು ತಿಂಗಳು ಆ ಪರಾಕ್ರಮಿಗೆ ಭಾವ ಮಾಡಿಸಿದ್ದು ಬರೀ ನದಿ ಏರಿ ಕಟ್ಟುವ ಕೆಲಸ.

“ಭಾವ, ಅವನು ಒಬ್ಬನೇ ನೂರು ಜನರನ್ನ ಹೊಡೀತಾನೆ! ಯುದ್ಧಕ್ಕೆ ಕಳಿಸ್ರೀ!”

“ನೂರು ಜನ್ವಾ ಒಡೀತಾನೆ ಸರಿ. ಮಳೆಗಾಲ ಬತ್ತದಲ್ಲ, ನೀರ್ನ ಒಡೀತಾನಾ?”

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಒಂದು ವಾರ ಕಳೆದ ಮೇಲೆ ಭಾವ ಕಂಕುಳಲ್ಲಿ ಒಂದು ದಪ್ಪ ಪುಸ್ತಕ ಇಟ್ಟುಕೊಂಡು ಬಂದರು. ಕೆಂಪು ಬಟ್ಟೆಯ ಬೆನ್ನು, ಪುಟಕ್ಕೆ ನಂಬರು. ಪಂಚಾಯ್ತಿ ಸಭೆಗಳ ನಡವಳಿ ಬರೆಯುತ್ತಾರಲ್ಲ, ಅಂಥದ್ದೇ. ಪಂಚಾಯ್ತಿಯದಲ್ಲ ಮತ್ತೆ, ಅಂಗಡಿಯಿಂದ ಕೊಂಡು ತಂದದ್ದು! ಠರಾವಿಲ್ಲದೆ ಭಾವ ತಮ್ಮ ಸರ್ವೀಸಿನಲ್ಲಿ ಒಂದು ಬಲ್ಬು ಕೂಡ ಬದಲಾಯಿಸಿದವರಲ್ಲ. ಚೀನಾ ಆದರೇನು, ನಿಯಮ ನಿಯಮವೇ. “ಊರ ಪೂರ್ವದ ಏರಿಯನ್ನು ಎತ್ತರಿಸುವ ಬಗ್ಗೆ ಚರ್ಚಿಸಲಾಗಿ, ಸದರಿ ಕೆಲಸವನ್ನು ನೀರುಗಂಟಿಗೆ ವಹಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು” ಅಂತ ಗುಂಡಗೆ ಬರೆದು, ಕೆಳಗೆ ಗೆರೆ ಎಳೆದು, ಆಮೇಲೆಯೇ ಮೌಸ್ ಒತ್ತುತ್ತಿದ್ದರು. ಸರ್ವಾನುಮತ ಅಂದರೆ ಯಾರದ್ದು? ಕೇಳುವ ಧೈರ್ಯ ನನಗಾಗಲಿಲ್ಲ.

ಒಂದು ಸಂಜೆ ಪಕ್ಕದ ರಾಜ ದಂಡೆತ್ತಿ ಬರುತ್ತಿದ್ದಾನೆ ಅಂತ ಪರದೆಯ ಮೇಲೆ ಸುದ್ದಿ ಬಂತು. ಎಂಟು ಸಾವಿರ ಜನ! ನಾನು ಕುರ್ಚಿ ಬಿಟ್ಟು ಎದ್ದೇಬಿಟ್ಟೆ. ಭಾವ ಪೆನ್ನಿನ ಮುಚ್ಚಳ ಹಾಕಿ ಹಿಂದಕ್ಕೆ ಒರಗಿದರು.

“ಏನ್ ಭಾವ, ಸೈನ್ಯ ಕೂಡಿಸ್ರೀ!”

“ಎಂಗ್ಲಾ ಕೂಡ್ಸಾದು? ನೀರುಗಂಟಿ ಏರಿ ಮೇಲವ್ನೆ. ಬಿಲ್ ಕಲೆಕ್ಟ್ರು ಪಕ್ಕದ್ ಸೀಮೆಗೆ ರಾಜಿ ಮಾತಾಡಕ್ಕೋಗವ್ನೆ. ಜವಾನಂಗೆ ಜ್ವರ. ಅಧ್ಯಕ್ಷರೊಬ್ರೇ ಕೂತವ್ರೆ. ಕೋರಂ ಇಲ್ಲ.”

“ಕೋರಮ್ಮಾ?”

“ಒಬ್ರೇ ಕೂತು ಠರಾವು ಮಾಡುದ್ರೆ ನಾಳೆ ಯಾರಾನಾ ಪ್ರಶ್ನೆ ಮಾಡಲ್ವಾ?”

ಹದಿನೆಂಟು ನೂರು ವರ್ಷದ ಹಿಂದಿನ ಚೀನಾದಲ್ಲಿ ಪ್ರಶ್ನೆ ಮಾಡುವವರು ಯಾರು ಸ್ವಾಮಿ! ‘ಕೋರಂ ಕೊರತೆಯಿಂದ ಸಭೆಯನ್ನು ಮುಂದೂಡಲಾಗಿದೆ’ ಎಂದು ಬರೆದು ಭಾವ ತಿಂಗಳು ದಾಟಿಸಿದರು. ಎಂಟು ಸಾವಿರ ಜನ ಬಂದು ಕೋಟೆಗೆ ಮುತ್ತಿಗೆ ಹಾಕಿದರು. ಒಳಗಿನವರು ಹೊರಗೆ ಬರಲೇ ಇಲ್ಲ. ಹೊರಗಿನವರು ಕಾದೂ ಕಾದೂ, ತಂದಿದ್ದ ದವಸ ಮುಗಿದು, ಹೊಟ್ಟೆ ಹಸಿದು ವಾಪಸು ಹೋದರು. ಅದೇ ತಿಂಗಳು, ಪಕ್ಕದ ಯಂತ್ರದಲ್ಲಿ ಇದೇ ಆಟ ಆಡುತ್ತಿದ್ದ ನಾನು ಉತ್ತರದ ಆ ಹನ್ನೊಂದೂರಿನ ರಾಜನನ್ನು ಯುದ್ಧಕ್ಕೆ ಕಳಿಸಿ, ಹಿಂದಿನಿಂದ ಸ್ವಂತ ಸೇನಾಪತಿಯೇ ದಂಗೆಯೆದ್ದು, ಐದು ಊರು ಕಳೆದುಕೊಂಡಿದ್ದೆ.

ಭಾವ ನನ್ನ ಪರದೆಯ ಕಡೆ ಬಗ್ಗಿ ನೋಡಿದರು. “ನಿಂಗೆ ಕೋರಂ ಇತ್ತು, ಅದೇ ತೊಂದ್ರೆ ಆಗಿರಾದು,” ಅಂದರು.

ಒಮ್ಮೆ ವೈರಸ್ ಬಂದು ಆ ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ತುಂಬಬೇಕಾಯಿತು. ಭಾವನ ಎಂಟು ತಿಂಗಳ ರಾಜ್ಯ ಹೋಯಿತು. ನಾನು ಹೆದರಿಕೊಂಡೇ ಹೇಳಿದೆ. ಅವರು ಒಂದಿಷ್ಟೂ ಗಲಿಬಿಲಿಗೊಳ್ಳಲಿಲ್ಲ. “ದಾಖಲೆ ಅದೆ,” ಎಂದು ಪುಸ್ತಕದ ಒಂದನೇ ಪುಟ ತೆಗೆದು, ಠರಾವು ಓದುತ್ತಾ ಓದುತ್ತಾ ಎಲ್ಲವನ್ನೂ ಮೊದಲಿಂದ ಮಾಡುತ್ತಾ ಬಂದರು. ಆದರೆ ಆಟ ಪ್ರತಿ ಸಲ ಒಂದೇ ಥರ ನಡೆಯುತ್ತದೆಯೇ? ಐದನೇ ದಿನ ಭಾವ ಜೋರಾಗಿ ಕೂಗಿದರು.

“ಲೇ, ಬಾ ಇಲ್ಲಿ! ಪ್ರವಾಹ ಬರ್ಬೇಕಾಗಿತ್ತು, ಬರ್ಲೇ ಇಲ್ಲ!”

“ಒಳ್ಳೇದೇ ಆಯ್ತಲ್ಲ ಭಾವ.”

“ಏನ್ ಒಳ್ಳೇದು? ಸಂತ್ರಸ್ತರಿಗೆ ದವಸ ಅಂಚಿದ್ದು ಮೂವತ್ತೊಂದನೇ ಪುಟದಲ್ಲಿ ಅದೆ! ಈಗ ಯಾರ್ಗ್ಲಾ ಅಂಚಾದು?”

ಕೊನೆಗೆ ಪ್ರವಾಹವಿಲ್ಲದೆಯೇ ದವಸ ಹಂಚಿದರು. ಆ ಊರಿನ ಜನ ಯಾಕೆ ಕೊಟ್ಟರೆಂದು ತಿಳಿಯದೆ ಭಾರೀ ಸಂತೋಷಪಟ್ಟರು ಅಂತ ಪರದೆ ತೋರಿಸಿತು.

ಒಂದು ವಿಷಯದಲ್ಲಿ ಮಾತ್ರ ಭಾವ ತಮಾಷೆಗೂ ಸಡಿಲ ಬಿಡುತ್ತಿರಲಿಲ್ಲ. ಆ ಆಟದಲ್ಲಿ ಪ್ರತಿ ಅಧಿಕಾರಿಗೂ ನಿಷ್ಠೆಯ ಅಂಕ ಇರುತ್ತದೆ. ಅದು ಇಳಿದರೆ ದೊಡ್ಡ ರಾಜರು ಗುಟ್ಟಾಗಿ ಕಾಗದ ಬರೆದು ಅವನನ್ನು ಎಳೆದುಕೊಳ್ಳುತ್ತಾರೆ. ಹಾಗೇ ನಮ್ಮ ನೀರುಗಂಟಿಗೂ ಉತ್ತರದಿಂದ ಕಾಗದ ಬಂತು. ಮುಂದಿನ ತಿಂಗಳು ಅವನು ಇರಲಿಲ್ಲ. ಅದೇ ವಾರ, ನನ್ನ ಹತ್ತಿರ ಇದ್ದ ಒಬ್ಬನೇ ಒಬ್ಬ ಮೇಷ್ಟ್ರು ಎದುರಿನ ಗಾಜಿನ ಬಾಗಿಲಿಗೆ ಸೇರಿಕೊಂಡ. ಹೇಳಲೂ ಇಲ್ಲ, ಬೆಳಿಗ್ಗೆ ನೋಡಿದರೆ ಟೈ ಕಟ್ಟಿಕೊಂಡು ಅಲ್ಲಿ ನಿಂತಿದ್ದ. ನಾನು ಸಂಜೆಯವರೆಗೂ ಅವನನ್ನು ಬಾಯಿಗೆ ಬಂದ ಹಾಗೆ ಬೈದೆ.

ಭಾವ ಕೇಳಿಸಿಕೊಂಡರು. “ಬುಡ್ಲಾ. ಹೋದೋನು ಹೋದ. ಇರೋರ್ನ ನೋಡ್ಕಳಾನ,” ಎಂದರು. ಚೀನಾದವನ ಬಗ್ಗೆ ಹೇಳಿದರೋ ನಮ್ಮವನ ಬಗ್ಗೆಯೋ ಗೊತ್ತಾಗಲಿಲ್ಲ. ಮಾರನೇ ದಿನದಿಂದ ಏರಿ ಕಟ್ಟುವ ಕೆಲಸಕ್ಕೆ ಜವಾನನನ್ನು ಹಾಕಿದರು. ಅವನು ಒಂದು ಗೇಣು ಏರಿಸಲು ಒಂದು ವರ್ಷ ತೆಗೆದುಕೊಂಡ.

ಎರಡನೇ ವರ್ಷದ ಹೊತ್ತಿಗೆ ನನ್ನಲ್ಲಿ ನಾಲ್ಕೇ ಜನ ಉಳಿದಿದ್ದರು. ಅವರೂ ಬೆಳಿಗ್ಗೆ ಬಂದು ಹೋಗುವವರು. ಸಂಜೆ ಅಂದರೆ ಐದು ಕಂಪ್ಯೂಟರ್, ನಾನು, ಮತ್ತು ಚೀನಾ ಆಳುವ ಭಾವ. ಈ ತಿಂಗಳ ಕೊನೆಗೆ ಮುಚ್ಚಿಬಿಡುವುದು ಎಂದು ನಿಶ್ಚಯ ಮಾಡಿ, ‘ಮಳಿಗೆ ಬಾಡಿಗೆಗೆ ಇದೆ’ ಅಂತ ಒಂದು ಬೋರ್ಡು ಬರೆಯಲು ಪೇಂಟರನಿಗೆ ಹೇಳಿದ್ದೆ. ಭಾವನಿಗೆ ಹೇಳಿದಾಗ ಅವರು “ಊಂ” ಅಂದರು, ಅಷ್ಟೇ. ಮಾರನೇ ಸಂಜೆ ಯಥಾಪ್ರಕಾರ ಬಂದು ಕೂತರು. ನನಗೆ ಸಿಟ್ಟೇ ಬಂತು. ಇಲ್ಲಿ ನನ್ನ ಬದುಕು ಮುಳುಗುತ್ತಿದೆ, ಇವರು ಇಲ್ಲದ ಊರಿಗೆ ಏರಿ ಕಟ್ಟುತ್ತಿದ್ದಾರೆ!

ಆ ವಾರ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಹೊಳೆನರಸೀಪುರದಿಂದ ದಿನಾ ಓಡಾಡುವವರು, ಇಲ್ಲೊಂದು ನರ್ಸಿಂಗ್ ಹೋಮಿನಲ್ಲಿ ಚೀಟಿ ಬರೆಯುವ ಕೆಲಸ. ಅಲ್ಲಿಗೆ ಕಂಪ್ಯೂಟರ್ ಬರುತ್ತದಂತೆ, ಕಲಿಯದಿದ್ದರೆ ಕೆಲಸ ಹೋಗುತ್ತದಂತೆ. ಎದುರಿಗೆ ಅಷ್ಟು ದೊಡ್ಡದು ಇರುವಾಗ ಇಲ್ಲಿಗೇಕೆ ಬಂದಿರಿ ಅಂತ ಬಾಯಿ ತಪ್ಪಿ ಕೇಳಿಬಿಟ್ಟೆ.

“ಅಲ್ಲಿ ಎಲ್ಲಾ ಕಾಲೇಜ್ ಉಡುಗ್ರು ಸಾ, ನಾಚ್ಕೆ ಆಯ್ತದೆ,” ಅಂದರು ಆಕೆ. “ನಮ್ ಬಸ್ಸು ದಿನಾ ಸಂಜೆ ಈ ತಿರುವ್ನಲ್ಲಿ ನಿಲ್ತದೆ. ಮ್ಯಾಲಕ್ಕೆ ನೋಡುದ್ರೆ ಕಿಟ್ಕೀಲಿ ಒಬ್ರು ವಯಸ್ಸಾದೋರು ಕೂತಿರ್ತಾರೆ. ಒಂದ್ ವರ್ಸದಿಂದ ನೋಡ್ತಿವ್ನಿ, ಒಂದಿನಾನೂ ತಪ್ಪಿಸಿಲ್ಲ. ಬರ್ಕತಾರೆ, ಒತ್ತಾರೆ, ಬರ್ಕತಾರೆ, ಒತ್ತಾರೆ. ಆ ವಯಸ್ನೋರೇ ಅಷ್ಟು ಶ್ರದ್ಧೆಯಿಂದ ಕಲೀತಾವ್ರೆ, ನಾನ್ಯಾಕೆ ಕಲೀಬಾರ್ದು ಅಂತ ಬಂದೆ. ಇನ್ನೂ ಇಬ್ರು ಬತ್ತೀವಿ ಅಂದವ್ರೆ.”

ಏನು ಹೇಳಲಿ ಅವರಿಗೆ? ಅವರು ಕಲಿಯುತ್ತಿಲ್ಲ ತಾಯಿ, ಕೋರಂ ಇಲ್ಲದ ಸಭೆಯ ನಡವಳಿ ಬರೆಯುತ್ತಿದ್ದಾರೆ ಅನ್ನಲೇ? ನಗು ತಡೆದುಕೊಂಡು ಹೆಸರು ಬರೆದುಕೊಂಡೆ. ಭಾನುವಾರ ಅಕ್ಕನ ಮನೆಗೆ ಹೋದಾಗ ಇದನ್ನೇ ತಮಾಷೆಯಾಗಿ ಹೇಳಿದೆ. ಭಾವ ಮನೆಯಲ್ಲಿರಲಿಲ್ಲ. ಅಕ್ಕ ನಗಲಿಲ್ಲ. ಹುರುಳಿಕಾಳು ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

“ನಿಂಗೆ ಗೊತ್ತಿಲ್ವಾ? ಅವರ ಆಫೀಸ್ಗೆ ಕಂಪ್ಯೂಟ್ರು ಬಂದು ಒಂದ್ ವರ್ಷ ಆಯ್ತು ಕಣೋ. ಎಲ್ಲಾ ಅವರೇ ಮಾಡ್ತಾರಂತೆ. ಮನೆ ಹತ್ರಾನೇ ನಿಲ್ಲೋ ಬಸ್ ಬಿಟ್ಟು ನಿನ್ ಅಂಗ್ಡಿಗೆ ಬತ್ತಾರೆ. ‘ಬೇಡ, ಕಣ್ಣು ಉರೀತದೆ ಅಂತೀರಲ್ಲ’ ಅಂದ್ರೆ ಕೇಳಲ್ಲ. ‘ಸಂಜೆ ಹೊತ್ತು ಅಂಗ್ಡಿ ಖಾಲಿ ಕಾಣ್ಬಾರ್ದು ಕಣೆ. ಒಬ್ಬನಾದ್ರೂ ಕೂತಿದ್ರೆ ಇನ್ನೊಬ್ಬ ಬತ್ತಾನೆ’ ಅಂತಾರೆ.”

ಭಾವ ದಿನಾ ಕೂರುತ್ತಿದ್ದ ಜಾಗ ನೆನಪಾಯಿತು. ಕಿಟಕಿ ಪಕ್ಕದ ಆ ಯಂತ್ರಕ್ಕೆ ಸಂಜೆ ಬಿಸಿಲು ನೇರವಾಗಿ ಹೊಡೆದು ಪರದೆ ಸರಿಯಾಗಿ ಕಾಣುತ್ತಿರಲಿಲ್ಲ. ಒಳಗೆ ಬನ್ನಿ, ಅಲ್ಲೇಕೆ ಒದ್ದಾಡುತ್ತೀರಿ ಅಂತ ನಾನು ಎಷ್ಟು ಸಲ ಗೊಣಗಿಲ್ಲ! “ಇಲ್ಲಿ ಗಾಳಿ ಬತ್ತದೆ” ಅಂದು ಕೈ ಅಡ್ಡ ಹಿಡಿದುಕೊಂಡೇ ಆಡುತ್ತಿದ್ದರು. ಎರಡು ವರ್ಷ ನಾನು ಇವರನ್ನು ಸಹಿಸಿಕೊಂಡಿದ್ದೇನೆ ಅಂದುಕೊಂಡಿದ್ದೆ. ಥೂ ನನ್ನ!

ಸೋಮವಾರ ಪೇಂಟರನ ಹತ್ತಿರ ಹೋಗಿ ಬೋರ್ಡು ಬೇಡ ಎಂದು ಹೇಳಿ ಬಂದೆ. ಸಂಜೆ ಆರಕ್ಕೆ ರಸ್ತೆಗಿಳಿದು, ತಿರುವಿನಲ್ಲಿ ಬಸ್ಸು ನಿಲ್ಲುವ ಜಾಗದಲ್ಲಿ ನಿಂತು ಮೇಲೆ ನೋಡಿದೆ. ಕಿಟಕಿಯಲ್ಲಿ ಭಾವ. ಬಿಳಿ ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ, ಬಿಸಿಲಿಗೆ ಕಿರಿದಾದ ಕಣ್ಣು. ಹಿಂದೆ ಗೋಡೆಯವರೆಗೂ ಖಾಲಿ ಕುರ್ಚಿಗಳಿದ್ದವು. ಕೆಳಗಿನಿಂದ ಅವು ಒಂದೂ ಕಾಣುತ್ತಿರಲಿಲ್ಲ.

ಮೇಲೆ ಹತ್ತಿ ಹೋದೆ. ಏನಾದರೂ ಹೇಳಬೇಕಿತ್ತು.

“ಏನ್ ಭಾವ, ಇವತ್ತಿಗೆ ಎಷ್ಟು ಊರು ಗೆದ್ರಿ?”

“ಗೆಲ್ಲಾದಿರ್ಲಿ,” ಅಂದರು ಅವರು, ಪರದೆಯಿಂದ ಕಣ್ಣು ತೆಗೆಯದೆ. “ಇರಾದೊಂದು ಇನ್ನೂ ಬಿದ್ದಿಲ್ಲ ನೋಡು.”

ನಾನು ಒಳಗಿನಿಂದ ಒಂದು ಕುರ್ಚಿ ಎಳೆದು ತಂದು, ರಸ್ತೆಗೆ ಕಾಣುವ ಹಾಗೆ ಅವರ ಪಕ್ಕ ಕೂತುಕೊಂಡೆ.