ಅವ್ವನ ಅಡಕೊತ್ತು, ನನ್ನ ರಬ್ಬರ್ ಗುಳಿಗಿ

ಸಿಗರೇಟು ಬಿಟ್ಟವನನ್ನು ನೋಡಿ ನಗುವವರು ಊರಿಗೊಬ್ಬರಾದರೂ ಇರುತ್ತಾರೆ. ಸಿಗರೇಟು ಬಿಡಲೆಂದು ಹಿಡಿದದ್ದನ್ನು ಬಿಡಲಾಗದೆ ಒದ್ದಾಡುವವನನ್ನು ನೋಡಿ ನಗುವವರು ಮನೆಯಲ್ಲೇ ಇರುತ್ತಾರೆ. ನಾನು ಆ ಒದ್ದಾಡುವವರ ಗುಂಪಿನವನು. ಮನೆ ಹಾವೇರಿ. ಕೆಲಸ ಬ್ಯಾಡಗಿಯಲ್ಲಿ, ಒಣಮೆಣಸಿನಕಾಯಿಯ ಬಣ್ಣ ಮತ್ತು ಖಾರ ಅಳೆಯುವ ಪ್ರಯೋಗಾಲಯದಲ್ಲಿ. ಓದಿದ್ದು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಜಂಬಕ್ಕೆ ಹೇಳುತ್ತಿಲ್ಲ. ಕೊನೆಗೆ ನಡೆದದ್ದನ್ನು ಓದುವಾಗ ಇದು ನೆನಪಿರಲಿ ಅಂತ.

೧. ಬಿಳಿ ಮಚ್ಚೆ

ಅವ್ವನಿಗೆ ನಲವತ್ತು ವರ್ಷಗಳಿಂದ ಎಲೆ, ಅಡಿಕೆ, ಸುಣ್ಣ, ಜೊತೆಗೆ ಒಂದು ಚಿಟಿಕೆ ತಂಬಾಕು. ತಂಬಾಕು ಇಡುವ ಎಡಗೆನ್ನೆಯ ಒಳಗೆ ಬಿಳಿ ಮಚ್ಚೆಯೊಂದು ಎದ್ದಿತ್ತು. ರಾಣೆಬೆನ್ನೂರಿನ ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಅವರು ಟಾರ್ಚು ಆರಿಸಿ ಹೇಳಿದರು:

"ಅಜ್ಜಿ, ತಂಬಾಕು ಇವತ್ತಿಂದ ಬಂದ್. ಅಡಿಕಿನೂ ಬ್ಯಾಡ. ಎರಡು ತಿಂಗಳು ಬಿಟ್ಟು ಬರ್ರಿ. ಮಚ್ಚಿ ಇಳಿದಿತ್ತಂದ್ರ ಚಲೋ ಆತು. ಇಲ್ಲಂದ್ರ ಒಂದು ತುಣುಕು ಕತ್ತರಿಸಿ ಪರೀಕ್ಷಾಕ್ಕ ಕಳಸಬೇಕಾಕ್ಕೈತಿ."

ಯಾವ ಪರೀಕ್ಷೆ ಎಂದು ಅವರು ಹೇಳಲಿಲ್ಲ. ನಾನು ಕೇಳಲಿಲ್ಲ. ಅವ್ವ ಮಾತ್ರ ನನ್ನ ದವಡೆಯನ್ನು ನೋಡುತ್ತಿದ್ದಳು. ಅದು ಆಡುತ್ತಿತ್ತು.

ಅದರ ಕಥೆ ಇಷ್ಟು. ದಿನಕ್ಕೆ ಹತ್ತು ಸಿಗರೇಟು ಸೇದುತ್ತಿದ್ದ ನನಗೆ ಇದೇ ಡಾಕ್ಟರಮ್ಮ ನಿಕೋಟಿನ್ ಗಮ್ ಬರೆದುಕೊಟ್ಟಿದ್ದರು. ಸಿಗರೇಟು ಬಿಟ್ಟಿತು, ಗಮ್ ಬಿಡಲಿಲ್ಲ. ಅದೂ ದಿನಕ್ಕೆ ಹತ್ತೇ.

"ಡಾಕ್ಟ್ರ, ಇವಗ ಆ ರಬ್ಬರ್ ಗುಳಿಗಿ ಎಷ್ಟ ದಿನ ತಿನ್ನಂತ ಹೇಳಿದ್ರಿ?"

"ಮೂರು ತಿಂಗಳು, ಅಜ್ಜಿ."

"ಇಪ್ಪತ್ತು ತಿಂಗಳಾತ್ರಿ. ನನಗ ನಲವತ್ತು ವರ್ಷದ್ದು ಬಿಡು ಅಂತೀರಿ, ಅವಂದು ಎರಡು ವರ್ಷದ್ದು. ಅವನೂ ಬಿಟ್ಟರ ನಾನೂ ಬಿಡ್ತೇನಿ. ಇಲ್ಲಂದ್ರ ಇಬ್ರೂ ಜಗಕೋತ ಹೋಗೂಣು."

ಡಾಕ್ಟರಮ್ಮ ನನ್ನನ್ನು ನೋಡಿದರು. ಒಪ್ಪಿದೆ. ಗಮ್ಮನ್ನು ನುಂಗಿಬಿಟ್ಟೆ. ಹೊಟ್ಟೆ ಸಂಜೆಯವರೆಗೆ ಪ್ರತಿಭಟಿಸಿತು.

ಮರುದಿನ ಅವ್ವ ತಂಬಾಕಿನ ಡಬ್ಬಿಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟಳು. ನಾನು ಗಮ್ಮಿನ ಪಟ್ಟಿಗಳನ್ನೆಲ್ಲ ಅವ್ವನ ಕೈಗೆ ಕೊಟ್ಟೆ. ಅವ್ವನಿಗೆ ಉಳಿದದ್ದು ಬರೀ ಎಲೆ, ಉಗುರಿನಷ್ಟು ಸುಣ್ಣ. ಅದಕ್ಕೂ ಡಾಕ್ಟರಮ್ಮನ ಜೊತೆ ಹತ್ತು ನಿಮಿಷ ಚೌಕಾಸಿ ಮಾಡಿ ಬಂದಿದ್ದಳು.

೨. ತೋಳಿನ ಬೀಡಿ

ಗಮ್ ಬಿಡಿಸಲು ಮೊದಲು ಪ್ಯಾಚ್ ಪ್ರಯತ್ನಿಸಿದೆ. ತೋಳಿಗೆ ಅಂಟಿಸುವ ಪಟ್ಟಿ. ದೊಡ್ಡದರಿಂದ ಶುರು ಮಾಡಿ ಚಿಕ್ಕದಕ್ಕೆ ಇಳಿಯಬೇಕು.

ಮೆಣಸಿನಕಾಯಿ ಸ್ಯಾಂಪಲ್ ತರಲು ಒಬ್ಬ ವ್ಯಾಪಾರಿಯ ಗೋದಾಮಿಗೆ ಹೋಗಿದ್ದೆ. ತೊಟ್ಟು ಬಿಡಿಸುತ್ತ ಕುಳಿತಿದ್ದ ಹೆಂಗಸರಲ್ಲಿ ಹಿರಿಯಳೊಬ್ಬಳು ನನ್ನ ತೋಳು ನೋಡಿ, "ಏನ್ ಪೆಟ್ಟಾತ್ರಿ ಸಾಹೇಬ್ರ?" ಎಂದಳು.

ಪೆಟ್ಟಲ್ಲ, ಸಿಗರೇಟಿನಲ್ಲಿರುವ ಸತ್ವ ಇದರಿಂದ ಚರ್ಮದೊಳಕ್ಕೆ ನಿಧಾನವಾಗಿ ಇಳಿಯುತ್ತದೆ, ಹೊಗೆ ಬೇಕಾಗುವುದಿಲ್ಲ ಎಂದು ವಿವರಿಸಿದೆ. ಕಾಲೇಜಿನ ಹುಡುಗರಿಗೂ ಇಷ್ಟು ಸರಳವಾಗಿ ಯಾರೂ ವಿವರಿಸಿರಲಾರರು.

"ಅಂದ್ರ ತೋಳಿಲೆ ಬೀಡಿ ಸೇದಾಕತ್ತೀರಿ ಅನ್ರಿ."

ಮುಂದಿನ ವಾರ ಚಿಕ್ಕ ಪಟ್ಟಿ ಅಂಟಿಸಿಕೊಂಡು ಹೋದೆ. ಆಕೆ ತಲೆಯೆತ್ತಿ ಅಳತೆ ಮಾಡಿದಳು. "ಮುಗಿಯಾಕ ಬಂತು ನೋಡ್ರಿ. ತುದಿ ಅಷ್ಟ ಉಳದೈತಿ. ಇನ್ನ ಬೆರಳು ಸುಡತೈತಿ, ಒಗೀರಿ."

ಒಗೆದೆ. ಆಕೆ ಹೇಳಿದ್ದಕ್ಕಲ್ಲ. ಪಟ್ಟಿಯ ತುರಿಕೆಗೆ ಮೆಣಸಿನಕಾಯಿಯ ಧೂಳು ಸೇರಿ ತೋಳು ಹಣ್ಣು ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು. ಬಣ್ಣ ಅಳೆಯುವುದು ನನ್ನ ಕೆಲಸ. ಒಳ್ಳೆಯ ದರ್ಜೆಯದೇ ಇತ್ತು.

ಆ ಎರಡು ವಾರ ಮನೆಯಲ್ಲಿ ನಾನು ಪೇಪರಿನವನ ಜೊತೆ ಜಗಳಾಡಿದೆ. ಅವ್ವ ಹಾಲಿನವನು, ಹೂವಿನವಳು ಮತ್ತು ಟಿವಿಯಲ್ಲಿ ಸುದ್ದಿ ಓದುವ ಹೆಣ್ಣುಮಗಳ ಜೊತೆ ಜಗಳಾಡಿದಳು.

೩. ಇಳಿಕೆಯ ಪಟ್ಟಿ

ಮತ್ತೆ ಗಮ್ಮಿಗೇ ಬಂದೆ, ಆದರೆ ಲೆಕ್ಕಾಚಾರದೊಂದಿಗೆ. ಕಂಪ್ಯೂಟರಿನಲ್ಲಿ ಇಳಿಕೆಯ ಕೋಷ್ಟಕ ಮಾಡಿದೆ. ಮೊದಲ ಮೂರು ವಾರ ಅರ್ಧರ್ಧ, ಆಮೇಲೆ ಕಾಲುಕಾಲು, ಕೊನೆಗೆ ಸೊನ್ನೆ. ಅವ್ವನಿಗೆ ತೋರಿಸಿದೆ. ಅವ್ವ ಕಾಗದವನ್ನು ತಿರುವಿ ಹಿಂಭಾಗ ನೋಡಿದಳು. ಅಲ್ಲಿ ಏನೂ ಇರಲಿಲ್ಲ.

"ಅರ್ಧ ಮಾಡೂದು ಅಷ್ಟ ಅಲ್ಲೇನು? ನನ್ನ ಅಡಕೊತ್ತು ಖಾಲಿ ಕುಂತೈತಿ, ತಾ."

ಅಡಿಕೆಗೆ ಬಳಸುತ್ತಿದ್ದ ಅಡಕೊತ್ತಿನಿಂದ ಗಮ್ಮನ್ನು ಕಚಕ್ಕನೆ ಎರಡು ಹೋಳು ಮಾಡಿದಳು. ಪ್ರಯೋಗಾಲಯದ ತಕ್ಕಡಿಗೆ ಒಯ್ದು ತೂಗಿದೆ. ಎರಡೂ ಹೋಳು ಸಮ. ನಾನು ದೇವರನ್ನು, ಜ್ಯೋತಿಷ್ಯವನ್ನು, ಪತ್ರಿಕೆಯ ಹವಾಮಾನ ವರದಿಯನ್ನು ನಂಬುವವನಲ್ಲ. ಆವತ್ತಿನಿಂದ ಅವ್ವನ ಕೈಯನ್ನು ನಂಬಿದೆ.

ದಿನಾ ಬೆಳಿಗ್ಗೆ ನಲವತ್ತಾರು ವರ್ಷದ ನಾನು ಕೈಚಾಚಿ ನಿಲ್ಲಬೇಕು. ಅವ್ವ ಎಲೆ ಇಡುವ ಬಟ್ಟೆಯ ಚಂಚಿ ಬಿಚ್ಚಿ ಹತ್ತು ಅರ್ಧ ಎಣಿಸಿ ಕೊಡಬೇಕು.

"ಹಲ್ಲು ತಿಕ್ಕೀಯೇನು?"

"ತಿಕ್ಕೇನಬೇ."

"ತೋರಿಸು."

ತೋರಿಸಬೇಕು. ಇಲ್ಲದಿದ್ದರೆ ಒಂದು ಕಡಿಮೆ.

ಒಂದು ವಿಷಯ ಮಾತ್ರ ನನಗೆ ಹೊಟ್ಟೆಕಿಚ್ಚು ತಂದಿತು. ನಾನು ಅರ್ಧ ಗಮ್ಮಿನಲ್ಲೇ ದಿನ ದೂಡುತ್ತ, ಉಗುರು ಕಚ್ಚುತ್ತ ತಿರುಗುತ್ತಿದ್ದರೆ ಅವ್ವ ಬರೀ ಎಲೆ ಹಾಕಿಕೊಂಡು ಜಗುಲಿಯ ಮೇಲೆ ತಣ್ಣಗೆ ಕುಳಿತಿರುತ್ತಿದ್ದಳು. ಹಾಲಿನವನ ಜೊತೆ ರಾಜಿಯಾಗಿತ್ತು.

"ನೋಡ್ರಿ ಅತ್ತಿನ್ನ," ಎಂದಳು ಹೆಂಡತಿ. "ಓದಿಲ್ಲ, ಬರದಿಲ್ಲ. ಮನಸು ಗಟ್ಟಿ ಐತಿ, ಬಿಟ್ರು. ನಿಮ್ಮದೂ ಐತಿ, ಎಂ.ಎಸ್ಸಿ."

೪. ಮೋಟೆಬೆನ್ನೂರಿನ ಬಿಕ್ಕಳಿಕೆ

ನಮ್ಮ ಕಡೆ ಒಂದು ಪದ್ಧತಿ ಇದೆ. ಎಲೆಯ ಚಂಚಿ ಬಿಚ್ಚಿದವನು ಪಕ್ಕದಲ್ಲಿ ಕುಳಿತವನಿಗೆ ಕೊಡದೆ ಕಟ್ಟುವಂತಿಲ್ಲ. ಪರಿಚಯ ಇರಬೇಕೆಂದಿಲ್ಲ, ಪಕ್ಕ ಇದ್ದರೆ ಸಾಕು.

ಬ್ಯಾಡಗಿಯ ಬಸ್ಸಿನಲ್ಲಿ ಗಮ್ಮಿನ ಡಬ್ಬಿ ತೆಗೆದು ಒಂದು ಅರ್ಧ ಬಾಯಿಗಿಟ್ಟೆ. ನಾಲ್ಕು ಸಲ ಜಗಿದು ಕೆನ್ನೆಯ ಮೂಲೆಗೆ ಸರಿಸಿದೆ. ಕ್ರಮ ಇರುವುದೇ ಹಾಗೆ. ಪಕ್ಕದ ಅಜ್ಜ, ಮೋಟೆಬೆನ್ನೂರಿನವನಂತೆ, ಅಂಗೈ ಚಾಚಿದ. "ತಗೀರಿ ಒಂದೀಟು."

"ಇದು ಎಲಿ ಅಡಿಕಿ ಅಲ್ಲಜ್ಜ, ಔಷಧ."

"ಔಷಧ ಆದ್ರ ಏನಾತು, ನನಗೂ ಬ್ಯಾನಿ ಅದಾವು."

ಅಂಗೈ ಹಿಂದೆ ಹೋಗಲಿಲ್ಲ. ಹಿಂದಿನ ಸೀಟಿನವರು ಎದ್ದು ನನ್ನ ಮುಖ ನೋಡಿದರು. ಎಣಿಸಿ ಕೊಟ್ಟ ಹತ್ತರಲ್ಲಿ ಒಂದು ಹೋಯಿತು. ಮೆಲ್ಲಗೆ ಜಗಿಯಬೇಕೆಂದು ಹೇಳುವಷ್ಟರಲ್ಲಿ ಅಜ್ಜ ಕಬ್ಬು ಅಗಿದಂತೆ ಅಗಿದು ರಸ ನುಂಗಿದ್ದ. ಶುರುವಾಯಿತು ಬಿಕ್ಕಳಿಕೆ. ಒಬ್ಬರು ನೀರು ಕೊಟ್ಟರು, ಒಬ್ಬರು ಮೂಗು ಹಿಡಿಯಲು ಹೇಳಿದರು, ಕಂಡಕ್ಟರ್ ಹೆದರಿಸಲೆಂದು ಟಿಕೆಟ್ ಕೇಳಿದ. ನಿಲ್ಲಲಿಲ್ಲ.

ಮೋಟೆಬೆನ್ನೂರು ಬಂತು. ಅಜ್ಜ ಇಳಿದು ಕಿಟಕಿಯ ಹತ್ತಿರ ಬಂದ.

"ಇದನ್ನ... ಹಿಕ್... ಯಾವುದಕ್ಕ ತಗೋತೀರಿ?"

"ಸಿಗರೇಟ್ ಬಿಡಾಕ."

"ಸೇದ್ರಿ," ಎಂದ ಅಜ್ಜ. "ಹಿಕ್... ಸುಮ್ನ ಸೇದ್ರಿ."

೫. ಔಷಧದ ಅಂಗಡಿಯವನ ಅನುಮಾನ

ಕೋಷ್ಟಕದ ಐದನೆಯ ವಾರ. ಅರ್ಧದಿಂದ ಕಾಲಿಗೆ ಇಳಿದಿದ್ದೆ. ಹಾವೇರಿಯ ಔಷಧದ ಅಂಗಡಿಯಲ್ಲಿ ಗಮ್ಮಿನ ಪಟ್ಟಿಗಳನ್ನು ಕೊಳ್ಳುತ್ತ ಅದನ್ನೇ ಹೆಮ್ಮೆಯಿಂದ ಹೇಳಿದೆ.

ಅಂಗಡಿಯವನು ಬಗ್ಗಿ ನೋಡಿದ. "ಸರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಕಮ್ಮಿ ಮಾಡಾಕತ್ತೀನಿ ಅಂತೀರಿ. ಮದಲ ಒಯ್ಯುವಷ್ಟ ಒಯ್ಯಾಕತ್ತೀರಲ್ರಿ?"

ಪ್ರಶ್ನೆ ಸರಿಯಾಗಿತ್ತು. ಮನೆಗೆ ಬಂದು ಅವ್ವನನ್ನು ಕೇಳಿದೆ.

"ಕತ್ತರಿಸೂ ಮುಂದ ಪುಡಿ ಉದರತೈತಿ," ಎಂದಳು ಅವ್ವ, ಎಲೆಗೆ ಸುಣ್ಣ ಸವರುತ್ತ.

ಮಿಲಿಗ್ರಾಮಿನ ಸಾವಿರದಲ್ಲೊಂದು ಭಾಗ ತಪ್ಪಿದರೆ ವರದಿ ವಾಪಸು ಕಳಿಸುವ ಮನುಷ್ಯ ನಾನು. ಹೌದೆಂದು ತಲೆಯಾಡಿಸಿದೆ.

೬. ಮತ್ತೆ ರಾಣೆಬೆನ್ನೂರು

ಎರಡು ತಿಂಗಳು ತುಂಬುವ ಹೊತ್ತಿಗೆ ನಾನು ಸೊನ್ನೆಗೆ ಬಂದಿದ್ದೆ. ಗಮ್ ಮುಟ್ಟದೆ ಎಂಟು ದಿನ. ಮನಸ್ಸು ತಿಳಿಯಾಗಿತ್ತು. ಆದರೆ ಅದೇ ಎಂಟು ದಿನಗಳಲ್ಲಿ ಅವ್ವ ಹಾಲಿನವನ ಜೊತೆ ಮತ್ತೆ ಮಾತು ಬಿಟ್ಟಿದ್ದಳು. ಪರೀಕ್ಷೆಯ ಭಯ ಎಂದುಕೊಂಡೆ. ನನಗೂ ಅದೇ ಇತ್ತು.

ಡಾಕ್ಟರಮ್ಮ ಬಹಳ ಹೊತ್ತು ಟಾರ್ಚು ಹಿಡಿದು ನೋಡಿದರು. ನಾನು ಗೋಡೆಯ ಮೇಲಿನ ಚಿತ್ರದ ಹಲ್ಲುಗಳನ್ನು ಎಣಿಸಿದೆ. ಮೂವತ್ತೆರಡೇ ಇದ್ದವು.

"ಅಜ್ಜಿ, ಮಚ್ಚಿ ಹೋಗೇತಿ. ಕತ್ತರಿಸೂದೂ ಬ್ಯಾಡ, ಏನೂ ಬ್ಯಾಡ. ಆರು ತಿಂಗಳಿಗೊಮ್ಮೆ ತೋರಿಸಿ ಹೋಗ್ರಿ, ಸಾಕು."

ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಾನು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿದೆ. ಅದು ಸ್ವಚ್ಛವಾಗಿಯೇ ಇತ್ತು.

"ಖರೇನ ತಂಬಾಕು ಮುಟ್ಟಿಲ್ಲ?" ಡಾಕ್ಟರಮ್ಮನಿಗೆ ಬೆರಗು. "ನಲವತ್ತು ವರ್ಷದ್ದು ಹೆಂಗ ಬಿಟ್ರಿ ಅಜ್ಜಿ? ನನ್ನ ಹತ್ರ ಬರೂ ಮಂದಿಗೆ ಹೇಳ್ತೇನಿ."

"ಮನಸ್ಸು ಗಟ್ಟಿ," ಎಂದು ನಾನು ಶುರು ಮಾಡಿದೆ.

ಅವ್ವ ಚಂಚಿ ಬಿಚ್ಚಿ ಮೇಜಿನ ಮೇಲೆ ಹರಡಿದಳು. ಎಲೆ. ಸುಣ್ಣದ ಡಬ್ಬಿ. ಅಡಕೊತ್ತು. ಒಂದು ಚಿಕ್ಕ ಪೊಟ್ಟಣದಲ್ಲಿ ಕೊನೆಗೆ ಉಳಿದಿದ್ದ, ಸಮನಾಗಿ ಕತ್ತರಿಸಿದ ಮೂರು ತುಂಡು ಗಮ್.

"ಇವಗ ಅರ್ಧ ಕೊಡತಿದ್ದೆ. ಉಳದ ಅರ್ಧ ಕಸಕ್ಕ ಹಾಕಲೇನು? ಎಲ್ಯಾಗ ಇಟ್ಟು, ಸುಣ್ಣ ಹಚ್ಚಿ ಹಾಕ್ಕೊಂಡೆ. ಚಲೋ ಹತ್ತತೈತ್ರಿ. ತಂಬಾಕಿನ ನೆನಪ ಆಗಲಿಲ್ಲ."

ಸುಣ್ಣ ಸೇರಿದರೆ ಬಾಯಲ್ಲಿ ನಿಕೋಟಿನ್ ಬೇಗ ಹತ್ತುತ್ತದೆ. ಇದು ನನ್ನ ವಿಷಯ. ನನಗೆ ಹೊಳೆದಿರಲಿಲ್ಲ. ಹೊಳೆಯದೆ ಇದ್ದದ್ದು ಅದೊಂದೇ ಅಲ್ಲ. ನಾನು ಅರ್ಧಕ್ಕಿಳಿದಾಗ ಅವ್ವನಿಗೆ ಅರ್ಧ, ಕಾಲಿಗಿಳಿದಾಗ ಮುಕ್ಕಾಲು. ನನ್ನ ಇಳಿಕೆಯ ಕೋಷ್ಟಕವನ್ನು ತಲೆಕೆಳಗೆ ಹಿಡಿದರೆ ಅವ್ವನದು.

ಡಾಕ್ಟರಮ್ಮ ನಗುತ್ತ ಕುರ್ಚಿ ಹಿಡಿದುಕೊಂಡರು. ತಂಬಾಕಿಗಿಂತ ಇದು ವಾಸಿ, ತಿಳಿದೋ ತಿಳಿಯದೆಯೋ ಸರಿಯಾದ ಔಷಧವನ್ನೇ ತೆಗೆದುಕೊಂಡಿದ್ದೀರಿ ಎಂದರು. ಆಮೇಲೆ ಮುಖ ಗಂಭೀರ ಮಾಡಿಕೊಂಡು, "ಆದ್ರ ಅಜ್ಜಿ, ಈಗ ಇದನ್ನೂ ಬಿಡಬೇಕಲ್ರಿ," ಎಂದರು.

"ಬಿಡೂನ್ರಿ, ಯಾರ್ ಬ್ಯಾಡ ಅಂತಾರ?" ಎಂದಳು ಅವ್ವ. "ಮೆಲ್ಲಕ ಬಿಡೂದು. ಆದ್ರ ಇವ ಎಂಟು ದಿನದಿಂದ ಪೂರಾ ಬಂದ್ ಮಾಡ್ಯಾನ. ನನಗ ಅರ್ಧ ಎಲ್ಲಿಂದ ಬರಬೇಕು? ಇವಗ ಇನ್ನೊಂದು ತಿಂಗಳು ಬರಕೊಡ್ರಿ."

ಡಾಕ್ಟರಮ್ಮ ಬರೆದುಕೊಟ್ಟರು. ನನ್ನ ಹೆಸರಿಗಲ್ಲ, ಅವ್ವನ ಹೆಸರಿಗೆ. ಅಡಕೊತ್ತು ಈಗ ನನ್ನ ಹತ್ತಿರ ಇದೆ. ದಿನಾ ಬೆಳಿಗ್ಗೆ ಅವ್ವ ಕೈಚಾಚಿ ನಿಲ್ಲುತ್ತಾಳೆ, ನಾನು ಕಾಲು ತುಂಡು ಕತ್ತರಿಸಿ ಕೊಡುತ್ತೇನೆ. ಉಳಿದ ಮುಕ್ಕಾಲನ್ನು ಅಲ್ಲೇ ನಿಂತು ನೋಡುತ್ತಾಳೆ, ನಾನು ಕಸದ ಬುಟ್ಟಿಗೆ ಹಾಕುವವರೆಗೆ.

"ಬಾಯಿ ತಗಿ," ಎನ್ನುತ್ತಾಳೆ ಆಮೇಲೆ. "ತೋರಿಸು."