ಮೂರನೆಯ ಕೌಂಟರಿನ ಸಿಡುಕು

ಮೂರನೆಯ ಕೌಂಟರಿನ ಗುಮಾಸ್ತನ ಸಂಕಟಕ್ಕೆ ಕಾರಣ ಅವನ ಸೌಜನ್ಯ. ಕನ್ನಡಕ ಮರೆತು ಬಂದವರ ಚೀಟಿಯನ್ನು ತಾನೇ ತುಂಬುತ್ತಿದ್ದ. ಸೊಂಟನೋವಿನವರಿಗೆ ತನ್ನ ಕುರ್ಚಿಯನ್ನೇ ಎತ್ತಿ ಕೊಡುತ್ತಿದ್ದ. ಹೀಗಾಗಿ ಮೂರು ವಾರದ ಹಿಂದೆ ಬ್ಯಾಂಕಿನ ಬಾಗಿಲ ಬಳಿ ತಂದಿಟ್ಟ ಹೊಸ ಯಂತ್ರವು, ಮದುವೆಮನೆಯಲ್ಲಿ ಯಾರೂ ಮಾತನಾಡಿಸದ ದೂರದ ನೆಂಟನಂತೆ, ದೀಪ ಮಿನುಗಿಸುತ್ತ ಒಂಟಿಯಾಗಿ ನಿಂತಿತ್ತು. ಹಣ ಕಟ್ಟಿಸಿಕೊಳ್ಳಲು, ಕೊಡಲು, ಪಾಸ್‌ಬುಕ್ ಮುದ್ರಿಸಲು ಬಲ್ಲ ಅದರ ತಲೆಯ ಮೇಲೆ ಜನರು ಕೊಡೆ ಇಡುತ್ತಿದ್ದರು, ಅಷ್ಟೇ.

ಆ ದಿನ ಬೆಳಿಗ್ಗೆ ಮ್ಯಾನೇಜರರು ಅವನನ್ನು ಒಳಗೆ ಕರೆದರು.

"ಏನ್ರೀ, ನೀವು ಹೀಗೆ ಮುದ್ದು ಮಾಡ್ತಿದ್ರೆ ಯಾರ್ರೀ ಯಂತ್ರದ ಹತ್ರ ಹೋಗ್ತಾರೆ? ಇವತ್ತು ಬಾಗಿಲು ಮುಚ್ಚೋದ್ರೊಳಗೆ ಐವತ್ತು ಜನ ಅದನ್ನ ಬಳಸಬೇಕು. ಯಾಕೆ ಬಳಸಿದ್ರಿ ಅಂತ ಒಬ್ಬೊಬ್ಬರೂ ಚೀಟಿ ಬರೆದು ಡಬ್ಬಿಗೆ ಹಾಕಬೇಕು. ಸಂಜೆ ಪ್ರಧಾನ ಕಚೇರಿಯವರು ಫೋನಲ್ಲೇ ಓದಿಸ್ಕೋತಾರೆ. ಐವತ್ತು ಆಗ್ಲಿಲ್ವೋ, ಬೆಟ್ಟದಾಚೆ ಶಾಖೆಗೆ ನೀವೇ."

ಬೆಟ್ಟದಾಚೆಗೆ ಬಸ್ಸಿನಲ್ಲಿ ಏಳು ಗಂಟೆಯ ದಾರಿ. ಮದುವೆಯಾಗಿ ಆರು ವರ್ಷ ಗುಮಾಸ್ತನದೊಂದು ಊರು, ಅಂಚೆ ಕಚೇರಿಯಲ್ಲಿ ದುಡಿಯುವ ಹೆಂಡತಿಯದೊಂದು ಊರು. ಇಬ್ಬರೂ ಒಂದೇ ಸೂರಿನಡಿ ಸೇರಿ ಇನ್ನೂ ನಾಲ್ಕು ತಿಂಗಳು. ಕಿಟಕಿಗೆ ಪರದೆ ಕಟ್ಟಿದ್ದು ಮೊನ್ನೆ. ಸೌಜನ್ಯವನ್ನು ಅಪರಾಧವೆಂದು ಎಣಿಸುವುದು ಯಾವ ನ್ಯಾಯ ಎಂದು ಅವನು ಕೇಳಬೇಕಿತ್ತು. ಕೇಳಲಿಲ್ಲ. "ಆಗ್ಲಿ ಸರ್" ಎಂದು ಹೊರಬಂದ.

ಮೊದಲು ಸಿಕ್ಕವನು ದರ್ಜಿ. "ಬನ್ನಿ, ಯಂತ್ರದಲ್ಲಾದ್ರೆ ಎರಡೇ ನಿಮಿಷ!"

"ಎರಡೇ ನಿಮಿಷದಲ್ಲಿ ಮುಗಿಸ್ಕೊಂಡು ನಾನೇನ್ ಮಾಡ್ಲಿ ಸ್ವಾಮಿ? ಅಂಗಡೀಲಿ ಗಿರಾಕಿಗಳು ಬಟ್ಟೆ ಕೊಡು ಅಂತ ಕೂತಿದಾರೆ. ಅವರಿಂದ ತಪ್ಪಿಸ್ಕೊಳ್ಳೋಕೇ ಇಲ್ಲಿಗೆ ಬಂದಿರೋದು" ಎಂದು ದರ್ಜಿ ಬೆಂಚಿನ ಮೇಲೆ ಬೇರೂರಿದ.

ನಿವೃತ್ತ ಟೀಚರಮ್ಮ ಯಂತ್ರದ ಮುಂದೆ ನಿಂತರು. ಪರದೆಯ ಮೇಲಿನ ಸೂಚನೆಗಳನ್ನು, ಅಲ್ಪವಿರಾಮ ಪೂರ್ಣವಿರಾಮಗಳಿಗೆ ನ್ಯಾಯ ಒದಗಿಸುತ್ತ, ಗಟ್ಟಿಯಾಗಿ ಓದತೊಡಗಿದರು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಯಂತ್ರವು ಸಮಯ ಮೀರಿತೆಂದು ಕಾರ್ಡನ್ನು ಹೊರಗೆ ಉಗುಳಿತು.

"ಪ್ರಶ್ನೆ ಓದಿ ಮುಗಿಸೋ ಮುಂಚೆ ಉತ್ತರ ಕೇಳೋದು ಯಾವ ಸೀಮೆ ಮರ್ಯಾದೆ?" ಎಂದು ಅದನ್ನು ಗದರಿ ಅವರೂ ಬೆಂಚು ಸೇರಿದರು.

ತರಕಾರಿ ಮಾರುವಾಕೆ ಮಾತ್ರ ಒಪ್ಪಿದಳು. "ಗುಟ್ಟಿನ ನಂಬರ್ ಒತ್ತಮ್ಮ, ನಾನು ನೋಡಲ್ಲ" ಎಂದು ಗುಮಾಸ್ತ ಕಣ್ಣು ಮುಚ್ಚಿ ಗೋಡೆಗೆ ಮುಖ ಮಾಡಿದ.

"ಅಯ್ಯೋ ಅಣ್ಣಾ, ನಿಮ್ಮತ್ರ ಎಂಥ ಗುಟ್ಟು!" ಎಂದವಳೇ ನಾಲ್ಕು ಅಂಕಿಗಳನ್ನೂ ಇಡೀ ಬ್ಯಾಂಕಿಗೆ ಕೇಳುವಂತೆ ಕೂಗಿದಳು.

"ಕೊನೇದು ಕೇಳಿಸ್ಲಿಲ್ಲ" ಎಂದ ಹಿಂದೆ ನಿಂತಿದ್ದ ಆಸ್ಪತ್ರೆಯ ಕಂಪೌಂಡರ್. ಅವಳು ಮತ್ತೆ ಹೇಳಿದಳು. ಗುಮಾಸ್ತ ಹಣೆ ಚಚ್ಚಿಕೊಂಡು ಅರ್ಧ ಗಂಟೆ ಕಷ್ಟಪಟ್ಟು ನಂಬರ್ ಬದಲಾಯಿಸಿ ಕೊಟ್ಟ. ಹೊಸದು ಇನ್ನೂ ಸುಲಭವಾಗಿದೆಯೆಂದು ಅವಳು ಅದನ್ನೂ ಎಲ್ಲರಿಗೂ ಹೇಳಿಯೇ ಹೋದಳು.

ಮಧ್ಯಾಹ್ನದ ಹೊತ್ತಿಗೆ ಡಬ್ಬಿಯಲ್ಲಿದ್ದುದು ಮೂರು ಚೀಟಿ. ಗುಮಾಸ್ತನಿಗೆ ಊಟ ಸೇರಲಿಲ್ಲ. ಪಕ್ಕದ ಕೌಂಟರಿನ ಕ್ಯಾಷಿಯರಮ್ಮ ತನ್ನ ಊಟದ ಡಬ್ಬಿ ಮುಚ್ಚುತ್ತ ಹೇಳಿದಳು: "ಯಂತ್ರ ಚೆನ್ನಾಗಿದೆ ಅಂತ ಯಾರೂ ಅದರ ಹತ್ರ ಹೋಗಲ್ಲ ಕಣಪ್ಪ. ಕೌಂಟರ್‌ನಲ್ಲಿರೋ ಮನುಷ್ಯ ಕೆಟ್ಟವನು ಅಂತ ಹೋಗ್ತಾರೆ. ನೀನು ಸ್ವಲ್ಪ ಸಿಡುಕು, ಆಮೇಲೆ ನೋಡು."

ನಿರಪರಾಧಿಗಳನ್ನು ಗದರುವುದು ತಪ್ಪು. ಹೊಟ್ಟೆಪಾಡಿಗಾಗಿ ಗದರಿದರೂ ಅದು ತಪ್ಪೇ. ಗುಮಾಸ್ತನಿಗೂ ಇದು ತಿಳಿದಿತ್ತು. ಆದರೆ ಕಣ್ಣ ಮುಂದೆ ಬಸ್ಸು ಬೆಟ್ಟ ಹತ್ತುತ್ತಿತ್ತು. ಪಾಸ್‌ಬುಕ್ ಹಿಡಿದು ಎದ್ದುಬಂದ ದರ್ಜಿಯ ಮೇಲೆ ಅವನು ಹರಿಹಾಯ್ದ.

"ಕ... ಕಣ್ಣು ಕಾಣಲ್ವಾ? ಯಂತ್ರ ಇಲ್ವಾ ಅಲ್ಲಿ? ಹೋಗ್ರೀ!"

ಜನ್ಮದಲ್ಲಿ ಯಾರನ್ನೂ ಗದರದವನ ದನಿ ತುಕ್ಕು ಹಿಡಿದ ಗೇಟಿನಂತೆ ಕಿರುಗುಟ್ಟಿತು, ಕೈ ನಡುಗಿತು, ಹಣೆಯಲ್ಲಿ ಬೆವರು ಮೂಡಿತು. ದರ್ಜಿ ಅವನ ಮುಖವನ್ನೇ ನೋಡಿ, ತುದಿಗಾಲಲ್ಲಿ ಹಿಂದೆ ಸರಿದು ಯಂತ್ರದ ಮುಂದೆ ನಿಂತ. ಗುಮಾಸ್ತನಿಗೆ ಆಶ್ಚರ್ಯ. ಕಂಪೌಂಡರ್ ಬಂದ, ಗುಮಾಸ್ತ ಅವನನ್ನೂ ಗದರಿದ. ಕಂಪೌಂಡರ್ ಕಿಂಡಿಯೊಳಗೆ ಕೈ ತೂರಿ ಅವನ ಮಣಿಕಟ್ಟು ಹಿಡಿದ.

"ಬಿಡ್ರೀ ಕೈನ!"

ಕಂಪೌಂಡರ್ ಬಿಟ್ಟು, ಬೆಂಚಿನವರ ಕಿವಿಯಲ್ಲಿ ಏನೋ ಉಸುರಿ, ಯಂತ್ರದತ್ತ ನಡೆದ. ಟೀಚರಮ್ಮ ಎದ್ದು ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಒಬ್ಬರು ಒತ್ತಲು ತಡವರಿಸಿದರೆ ಇನ್ನೊಬ್ಬರು ಹೇಳಿಕೊಟ್ಟರು. ಬಾಗಿಲಲ್ಲಿ ಹೊಸಬರು ಕಂಡರೆ ಅಲ್ಲಿಯೇ ತಡೆದು ಸಾಲಿಗೆ ಸೇರಿಸಿದರು. ಯಾರೋ ಸದ್ದಿಲ್ಲದೆ ಗುಮಾಸ್ತನ ಮುಂದೆ ಒಂದು ಲೋಟ ನೀರಿಟ್ಟು ಹೋದರು. ಹೆದರಿದವರೂ ಇಷ್ಟು ಒಳ್ಳೆಯವರಾಗಿರಬೇಕೆ ಎಂದು ಅವನು ನೊಂದುಕೊಂಡ. ಆದರೂ ಕಿಟಕಿಯ ಪರದೆಯನ್ನು ನೆನೆದು, ಹತ್ತು ನಿಮಿಷಕ್ಕೊಮ್ಮೆ ಮನಸ್ಸು ಕಲ್ಲು ಮಾಡಿಕೊಂಡು ಸುಮ್ಮನೆ ಒಮ್ಮೆ ಸಿಡುಕುತ್ತಿದ್ದ.

ಬಾಗಿಲು ಮುಚ್ಚಿದಾಗ ಡಬ್ಬಿಯಲ್ಲಿ ಅರುವತ್ತೆರಡು ಚೀಟಿಗಳಿದ್ದವು!

ಸಂಜೆ ಮ್ಯಾನೇಜರರು ಕರೆಸಿ, ತಾವೇ ಎದ್ದು ಕುರ್ಚಿ ಎಳೆದು ಕೊಟ್ಟರು. "ನಿಧಾನ, ನಿಧಾನ. ಕೂತ್ಕೊಳ್ಳಿ. ಶಾಬಾಸ್ ಕಣ್ರೀ."

"ಹಾಗಾದ್ರೆ ಸರ್, ಆ ವರ್ಗಾವಣೆ..."

"ಅದನ್ನೇ ಹೇಳ್ತೀನಿ. ಈ ಚೀಟಿ ದರ್ಜಿದು. 'ಗುಮಾಸ್ತರಿಗೆ ಮೈ ಹುಷಾರಿಲ್ಲ. ತೊಂದರೆ ಕೊಡಬಾರದು ಅಂತ ಯಂತ್ರ ಬಳಸಿದೆ.' ಇದು ಕಂಪೌಂಡರ್‌ದು. 'ನಾಡಿ ಓಟ ಕಿತ್ತಿದೆ. ಜನಜಂಗುಳಿಯಿಂದ ದೂರ ಇಡಿ.' ಐವತ್ತೊಂಬತ್ತು ಚೀಟೀಲೂ ಇದೇ ಮಾತು! ನಾನು ಓದ್ತಾ ಇದ್ರೆ ಪ್ರಧಾನ ಕಚೇರಿಯವರು ಆ ಕಡೆ ಮೂಗು ಒರೆಸ್ಕೋತಿದ್ರು. ಬೆಟ್ಟದಾಚೆ ಶಾಖೆಗೆ ದಿನಕ್ಕೆ ನಾಲ್ಕೇ ಜನ ಬರೋದಂತೆ, ಗಾಳಿ ಬಲು ಒಳ್ಳೇದಂತೆ. ಎರಡು ವರ್ಷ ಅಲ್ಲಿ ಸುಧಾರಿಸ್ಕೊಳ್ಳಲಿ ಅಂತ ವಿಶೇಷವಾಗಿ ಆರ್ಡರ್ ಮಾಡಿದಾರೆ."

"ಸರ್, ನಂಗೆ ಏನೂ ಆಗಿಲ್ಲ ಸರ್!" ಎಂದ ಗುಮಾಸ್ತ. ದನಿ ಮತ್ತೆ ನಡುಗಿತು.

ಮ್ಯಾನೇಜರರು ಮರುಕದಿಂದ ತಲೆಯಾಡಿಸಿ ಮತ್ತೊಂದು ಚೀಟಿಯನ್ನು ಅವನ ಮುಂದಿಟ್ಟರು. ಟೀಚರಮ್ಮನ ದುಂಡಾದ ಅಕ್ಷರ, ಕೆಳಗೆ ಎರಡು ಕೆಂಪು ಗೆರೆ: "ಕೇಳಿದರೆ ತನಗೆ ಏನೂ ಆಗಿಲ್ಲವೆನ್ನುತ್ತಾನೆ. ನಂಬಬಾರದು."