ಮುಂಚಾಪೆಗಾಗಿ ಕೋಟ್ರಪ್ಪನ ಶ್ವಾಸಸಮರ

ಕಥೆ ಹೇಳುವ ಈ ಮುದುಕನಿಗೆ ಮರೆವು ಎಂದು ಕಿಸಕ್ಕೆಂದವರು ಯಾರು? ತೆಪ್ಪಗೆ ಕೇಳಿರಿ! ನಿನ್ನೆಯ ಪಲ್ಯ ಮರೆತಿರಬಹುದು, ಈ ಯುದ್ಧ ಮರೆಯುವಂಥದ್ದಲ್ಲ.

ಓ ಪಂಚಪ್ರಾಣಗಳಿರಾ, ಮೂಗಿನ ಹೊಳ್ಳೆಗಳೆರಡರಲ್ಲೂ ನೆಲೆಸಿ ಹರಸಿರಿ! ದಾವಣಗೆರೆಯ ಪಾರ್ಕೊಂದಕ್ಕೆ ಹೊಂಗೆಮರವೊಂದೇ ನೆರಳಾಗಿದ್ದ ಆ ಮಹಾಯುಗದಲ್ಲಿ, ಗರಡಿಮೃತ್ತಿಕಾಧೂಸರಿತಭುಜನೂ ಪ್ರತಿಮಲ್ಲಗರ್ವಭಂಜನನೂ, ಈಚೆಗೆ ಬೀಪಿಗುಳಿಗಾಗುಪ್ತಧಾರಿಯೂ ಆದ ಕೋಟ್ರಪ್ಪ ಪೈಲ್ವಾನನು, ಪ್ರಾಣಾಯಾಮ ತರಗತಿಯಲ್ಲಿ ಆ ನೆರಳಿನ ಮುಂಚಾಪೆಯನ್ನು ಆಳುತ್ತಿದ್ದನು. ಆ ಸಿಂಹಾಸನದ ಮೇಲೆ ಕಣ್ಣಿಟ್ಟವನು ಬಟ್ಟೆ ಅಂಗಡಿಯ ಹಾಲಸ್ವಾಮಿ.

“ಏನ್ ಪೈಲ್ವಾನ್ರೇ, ದಮ್ ಉಳ್ದೈತೋ ಇಲ್ಲೋ? ಮೊದ್ಲು ಉಸಿರು ಬಿಟ್ಟೋರು ಹಿಂದಿನ ಸಾಲಿಗೆ, ಬಿಸಿಲಿಗೆ!”

“ಲೇ ಹಾಲಸ್ವಾಮಿ, ನೀನು ಸೀರೆ ಮಡಚ್ತಿದ್ದಾಗ ನಾನು ಆನೆಯಂಥೋರ್ನ ಮಡಚೀನಿ! ನಾನು ಉಸಿರು ಎಳ್ಕೊಂಡ್ರೆ ಈ ಪಾರ್ಕಿನಾಗೆ ಎಲಿ ಅಳ್ಳಾಡಂಗಿಲ್ಲ!”

ಗುರುಮಾತೆ ಮಂಗಳಕ್ಕ ಗದರಿದಳು: “ಪಂದ್ಯ ಗಿಂದ್ಯ ಬ್ಯಾಡ್ರಪ್ಪಾ. ಹೊಟ್ಟೆ ಖಾಲಿ ಇರ್ಬೇಕು, ಕೂತೇ ಮಾಡ್ಬೇಕು. ಬೀಪಿ ಇದ್ದೋರು ಉಸಿರು ಹಿಡೀಬಾರ್ದು. ತಲೆ ತಿರುಗಿದ್ರೆ ಅಲ್ಲಿಗೇ ಬಿಡ್ಬೇಕು.”

ಕಸರತ್ತಿಗೆ ಮುನ್ನ ಹೊಟ್ಟೆ ಗಟ್ಟಿಯಿರಬೇಕೆಂಬ ಗರಡಿಧರ್ಮದಂತೆ ಬೆಣ್ಣೆದೋಸೆಗಳನ್ನು ಸಂಹರಿಸಿ ಬಂದಿದ್ದ ವೀರನಿಗೆ ಇದೆಲ್ಲ ಹೇಡಿಗಳ ಶಾಸ್ತ್ರವೆನಿಸಿತು. ಚಾಪೆಯಿಂದೆದ್ದು, ತೊಡೆ ತಟ್ಟಿ, ಅಖಾಡದಲ್ಲಿ ನಿಂತಂತೆ ನಿಂತನು. ಹಾಲಸ್ವಾಮಿಯೂ ಎದುರು ನಿಂತನು.

ರಣಕಹಳೆಯಂತೆ ಹಾಲಿನ ಗಾಡಿಯ ಹಾರ್ನ್ ಮೊಳಗಿತು. ಇಬ್ಬರೂ ಗಾಳಿಯನ್ನು ಸೆರೆಹಿಡಿದರು. ಕೋಟ್ರಪ್ಪನ ಕೆನ್ನೆ ಕುಂಬಳವಾಯಿತು. ಕಿವಿಯಲ್ಲಿ ನಗಾರಿ ಬಡಿಯಿತು. ಹೊಂಗೆಮರ ಗರಗರನೆ ತಿರುಗಿತು. ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ತಾನೇ ಹೋಗುವಂತಿದೆ! ಮಂಗಳಕ್ಕನ ಮಾತು ಆಗ ನೆನಪಾಯಿತು. ಕುಸ್ತಿಯಲ್ಲಿ ಎಂದೂ ನೆಲಕ್ಕೆ ಬೆನ್ನು ತಾಗಿಸದ ಆ ಮಹಾಮಲ್ಲನು ಮಾನವನ್ನು ಬದಿಗಿಟ್ಟು ಬಾಯಿ ತೆರೆದನು.

ಹೊರಟದ್ದು ಉಸಿರೇ? ಅಲ್ಲ, ಪ್ರಳಯಮೇಘಗರ್ಜನೆಯಂಥ ತೇಗು! ಬೆಣ್ಣೆ, ಚಟ್ನಿಯ ಪರಿಮಳ ದಶದಿಕ್ಕುಗಳಿಗೂ ಹಬ್ಬಿತು.

“ಗೆದ್ದೆ!” ಎಂದು ಹಾಲಸ್ವಾಮಿಯು ಏದುಸಿರಿನಲ್ಲೇ ಕೂಗಿದನು.

ಕೋಟ್ರಪ್ಪ ನೆಲಕ್ಕೆ ಕುಸಿದು ಕುಳಿತನು. “ತಲಿ ಸುತ್ತುತೈತಿ ತಂಗೀ. ಬೀಪಿ ಐತಿ ನಂಗೆ. ಹೊಟ್ಟಿಯಾಗೆ ದೋಸಿನೂ ಐತಿ.”

ಮಂಗಳಕ್ಕ ನೀರು ಚಿಮುಕಿಸಿದಳು. “ಮೊದ್ಲೇ ಹೇಳಿದ್ರೆ ಕಿರೀಟ ಉದುರ್ತಿತ್ತಾ ಯಜಮಾನ್ರೇ? ಸುಮ್ನೆ ಕೂತ್ಕಳ್ರಿ. ಅಲ್ನೋಡ್ರಿ, ಉಸಿರಾಟ ಅಂದ್ರೆ ಅದು!”

ಮುಂಚಾಪೆಯ ಮೇಲೆ ಬೀದಿನಾಯಿಯೊಂದು ಕಾಲು ಚಾಚಿ ಮಲಗಿತ್ತು. ಅದರ ಹೊಟ್ಟೆ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ಗೆದ್ದವನು ಹಚಾ ಎಂದನು. ಅದು ಒಂದು ಹಲ್ಲು ತೋರಿಸಿತು. ಇಬ್ಬರು ವೀರರೂ ಹಿಂದಿನ ಸಾಲಿನ ಬಿಸಿಲಲ್ಲಿ ಕುಳಿತರು.

ನಿಮ್ಮ ಮನೆಯಲ್ಲೂ ಇಂಥ ವೀರರಿದ್ದರೆ ಈ ಕಥೆ ಮುಟ್ಟಿಸಿರಪ್ಪಾ. ತಿಂಡಿಗೆ ಮೊದಲೇ ಮುಟ್ಟಿಸಿರಿ.